ಮೊದಲು ಯಾವ ಅಕ್ಷರ?

ಹದಿನೈದು ವರ್ಷಗಳ ಹಿಂದಿನ ಮಾತು. ಹೆಗ್ಗಡದೇವನಕೋಟೆ ಕಡೆಯ ಒಂದು ಊರಿನಲ್ಲಿ ನಾನು ಒಂದನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಬಿಸಿಯೂಟ ಮುಗಿದ ಹೊತ್ತಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ಬಾಗಿಲಲ್ಲಿ ಬಂದು ನಿಂತರು. ಮುಖ ಬಿಗಿದಿತ್ತು. "ಏನ್ ಮೇಷ್ಟ್ರೆ, ಇಸ್ಕೂಲಲ್ಲಿ ಅ ಆ ಇ ಈ ಯೇಳ್ಕೊಡದೇ ಇಲ್ವಾ? ನಮ್ ಐದ ಮನೇಲಿ ರ ಗ ಸ ದ ಅಂತ ಕುಂತದೆ" ಎಂದರು. ಅವರ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಅವರು ಕಲಿತದ್ದು, ಅವರ ಮಗ ಕಲಿತದ್ದು, ನಾನು ಕಲಿತದ್ದು ಎಲ್ಲವೂ 'ಅ'ಯಿಂದಲೇ. "ಕೂತ್ಕೊಳಿ ಗೌಡ್ರೆ" ಎಂದು ಹೇಳಿ ಮೊಮ್ಮಗನನ್ನು ಕರೆದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪುಹಲಗೆಯ ಮೇಲೆ ಅವನು ಸೀಮೆಸುಣ್ಣದಲ್ಲಿ ಬರೆದ: ಸರ, ಅರಸ, ಅಗಸ, ಗರಗಸ. ಆಮೇಲೆ ಸ್ವಲ್ಪ ಯೋಚಿಸಿ 'ದಸರ' ಎಂದು ಬರೆದು ತಾತನ ಕಡೆ ತಿರುಗಿದ. ಶಾಲೆ ಶುರುವಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ನಾನು ಕಲಿಸುತ್ತಿದ್ದ ನಲಿ-ಕಲಿ ಪದ್ಧತಿಯ ಮೊದಲ ಗುಂಪಿನ ಅಕ್ಷರಗಳು ಈ ಐದು: ರ, ಗ, ಸ, ದ, ಅ. ಎಳೆಯ ಬೆರಳಿಗೆ ತಿರುಗಿಸಲು ಸುಲಭವಾದ ಆಕಾರಗಳು, ಒಂದಕ್ಕೊಂದು ಹತ್ತಿರದ ಬಾಗುಗಳು. ಅದಕ್ಕಿಂತ ಮುಖ್ಯವಾಗಿ, ಈ ಐದರಿಂದಲೇ ಅರ್ಥವುಳ್ಳ ಪದಗಳು ಹುಟ್ಟುತ್ತವೆ. ಗದಗ ಎಂದು ಒಂದು ಊರಿನ ಹೆಸರನ್ನೇ ಬರೆದುಬಿಡಬಹುದು. ಎರಡನೆಯ ಗುಂಪು ಜ, ವ, ಮ, ಬ, ನ. ಅದು ಬಂದ ಕೂಡಲೇ ಜನ, ವನ, ಮರ, ಮಗ ಎಲ್ಲವೂ ಕೈಗೆ ಸಿಗುತ್ತವೆ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮಗು ತನ್ನ ಹೆಸರಿನ ಅಕ್ಷರಕ್ಕೆ ಬರುವ ಮೊದಲೇ 'ಋ' ಬರೆಯಬೇಕು. ವರ್ಣಮಾಲೆಯದು ವ್ಯಾಕರಣದ ಕ್ರಮ. ಬಾಯಲ್ಲಿ ಧ್ವನಿ ಹುಟ್ಟುವ ಜಾಗಗಳನ್ನು ಹಿಡಿದು ಜೋಡಿಸಿದ ಅದ್ಭುತ ಕ್ರಮ ಅದು. ಆರು ವರ್ಷದ ಮಗು ಓದಲು ಕಲಿಯುವ ಕ್ರಮ ಬೇರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಯಾರೋ ಕೂತು ಯೋಚಿಸಿದ್ದರಿಂದಲೇ ಆ ಹುಡುಗ ಎರಡು ತಿಂಗಳಲ್ಲಿ 'ದಸರ' ಬರೆದ.

ಪಠ್ಯಕ್ರಮ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಷ್ಟು ಹೊತ್ತು, ಏನನ್ನು ಸದ್ಯಕ್ಕೆ ಬಿಡುವುದು ಎಂಬ ನೂರಾರು ಸಣ್ಣ ತೀರ್ಮಾನಗಳು ಸೇರಿ ಪಠ್ಯಕ್ರಮ ಆಗುತ್ತದೆ. ಆದರೆ ನಮ್ಮ ನಾಡಿನಲ್ಲಿ ಆ ಪದ ಕೇಳಿದರೆ ಜನರ ತಲೆಗೆ ಬರುವುದು ಪಠ್ಯಪುಸ್ತಕ, ಅದರಲ್ಲೂ ಕನ್ನಡ ಮತ್ತು ಸಮಾಜ ವಿಜ್ಞಾನದ ಪುಸ್ತಕ. ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. ಅವನ್ನು ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಮರುಪರಿಷ್ಕರಿಸಿದಾಗ 2022ರಲ್ಲಿ ನಾಡಿನಾದ್ಯಂತ ಗದ್ದಲವೆದ್ದಿತು. ದೇವನೂರ ಮಹಾದೇವ ಸೇರಿದಂತೆ ಹಲವು ಬರಹಗಾರರು ತಮ್ಮ ಬರಹ ಬಳಸಲು ಕೊಟ್ಟಿದ್ದ ಅನುಮತಿಯನ್ನೇ ಹಿಂದಕ್ಕೆ ಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು, ಕೆಲವು ಪಾಠಗಳು ಹೋದವು, ಕೆಲವು ಬಂದವು. ಪುಸ್ತಕಗಳು ಆಗಲೇ ಮಕ್ಕಳ ಕೈಸೇರಿದ್ದರಿಂದ ಬದಲಾದ ಭಾಗವನ್ನು ಪ್ರತ್ಯೇಕ ಪುಸ್ತಿಕೆಯಾಗಿ ಕೊಡಬೇಕಾಯಿತು. ಮಕ್ಕಳು ಯಾರ ಕಥೆಯನ್ನು, ಯಾವ ಇತಿಹಾಸವನ್ನು ಓದಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ, ಆ ಚರ್ಚೆ ನಡೆಯಲೇಬೇಕು. ನನ್ನ ನೋವು ಇಷ್ಟೇ: ಆ ಎಲ್ಲ ವರ್ಷಗಳಲ್ಲಿ ಐದನೇ ತರಗತಿಯ ಭಿನ್ನರಾಶಿ ಪಾಠ ಮಕ್ಕಳಿಗೆ ಯಾಕೆ ಹತ್ತುತ್ತಿಲ್ಲ ಎಂದು ಒಂದು ಟಿವಿ ಚಾನೆಲ್ಲೂ ಕೇಳಲಿಲ್ಲ.

ಪಠ್ಯಕ್ರಮವನ್ನು ಒಂದು ಶಾಸ್ತ್ರವಾಗಿ ಕಂಡವರಲ್ಲಿ ಅಮೆರಿಕದ ರಾಲ್ಫ್ ಟೈಲರ್ ಹೆಸರು ಮೊದಲು ಬರುತ್ತದೆ. 1949ರಲ್ಲಿ ಅವರು ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ನಾಲ್ಕು ಪ್ರಶ್ನೆಗಳಿವೆ. ಶಾಲೆ ಏನನ್ನು ಸಾಧಿಸಬೇಕು? ಅದಕ್ಕೆ ಮಕ್ಕಳಿಗೆ ಎಂಥ ಅನುಭವಗಳು ಬೇಕು? ಆ ಅನುಭವಗಳನ್ನು ಹೇಗೆ ಜೋಡಿಸುವುದು? ಗುರಿ ಮುಟ್ಟಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇಂದಿಗೂ ಜಗತ್ತಿನ ಯಾವ ಪಠ್ಯಕ್ರಮ ಸಮಿತಿಯೂ ಈ ನಾಲ್ಕನ್ನು ತಪ್ಪಿಸಿಕೊಂಡು ಹೋಗಲಾರದು. ಆದರೆ ಟೈಲರ್ ದಾರಿ ಮೇಲಿನಿಂದ ಕೆಳಗೆ ಇಳಿಯುತ್ತದೆ: ಮೊದಲು ಗುರಿ, ಕೊನೆಗೆ ತರಗತಿ. ಅವರ ಜೊತೆಯಲ್ಲೇ ಕೆಲಸ ಮಾಡಿದ್ದ, ಎಸ್ಟೋನಿಯಾದಲ್ಲಿ ಹುಟ್ಟಿದ ಹಿಲ್ಡಾ ಟಾಬಾ 1962ರ ತಮ್ಮ ಪುಸ್ತಕದಲ್ಲಿ ಇದನ್ನು ತಿರುಗಿಸಿದರು. ಶಿಕ್ಷಕರು ತಮ್ಮ ತರಗತಿಯ ಮಕ್ಕಳಿಗೆ ಏನು ಬೇಕಾಗಿದೆ ಎಂದು ನೋಡಲಿ, ಒಂದೊಂದು ಘಟಕವನ್ನು ತಾವೇ ಕಟ್ಟಲಿ, ಪಾಠ ಮಾಡಿ ಪರೀಕ್ಷಿಸಲಿ, ದೊಡ್ಡ ಚೌಕಟ್ಟು ಅದರಿಂದ ಮೇಲೇಳಲಿ ಎಂದರು. ನಾನು ಮೂವತ್ತು ವರ್ಷ ನೋಡಿದ್ದರಲ್ಲಿ ಒಳ್ಳೆಯದಾಗಿ ನಡೆದ ಪ್ರಯೋಗಗಳೆಲ್ಲ ಟಾಬಾ ಹೇಳಿದ ದಾರಿಯವು. ಸೊರಗಿದವೆಲ್ಲ ಮೇಲಿನಿಂದ ಸುತ್ತೋಲೆಯ ರೂಪದಲ್ಲಿ ಇಳಿದು ಬಂದವು.

ಭಾರತದಲ್ಲಿ ಮೇಲಿನ ಚೌಕಟ್ಟಿನ ಕಥೆ ಬಹುಪಾಲು ದೆಹಲಿಯದು. 1961ರಲ್ಲಿ ಪಠ್ಯಪುಸ್ತಕ ರೂಪಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಇಆರ್‌ಟಿ ಹುಟ್ಟಿತು. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. 1975, 1988, 2000, 2005 ಹೀಗೆ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟುಗಳು ಬಂದವು. ಈಚಿನದು ಕಸ್ತೂರಿರಂಗನ್ ನೇತೃತ್ವದಲ್ಲಿ ಸಿದ್ಧವಾದ 2023ರ ಚೌಕಟ್ಟು. ಇವುಗಳಲ್ಲಿ ನನ್ನ ಮನಸ್ಸು ನಿಲ್ಲುವುದು 2005ರದರ ಬಳಿ, ಮತ್ತು ಅದರ ಹಿಂದೆ ನಮ್ಮ ಮೈಸೂರಿನ ನಂಟೊಂದಿದೆ. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದ ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣ್ ತಮ್ಮ ಮೊದಲ ಭಾಷಣದಲ್ಲಿ ಆರಿಸಿಕೊಂಡ ವಿಷಯ ಮಕ್ಕಳ ಬೆನ್ನಿನ ಮೇಲಿನ ಶಾಲಾ ಚೀಲ. ಮಕ್ಕಳ ಬಾಲ್ಯವೇ ಆ ಚೀಲದಡಿ ಹೂತುಹೋಗುತ್ತಿದೆ ಎಂಬ ಅವರ ಸಂಕಟ ದೇಶದ ಕಿವಿಗೆ ಬಿತ್ತು. ಕೆಲವು ವರ್ಷಗಳ ನಂತರ ವಿಜ್ಞಾನಿ ಯಶಪಾಲ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಗಿ 1993ರಲ್ಲಿ ವರದಿ ಕೊಟ್ಟಿತು. ಆ ವರದಿ ರೋಗದ ಬೇರನ್ನು ಮುಟ್ಟಿತು. ಚೀಲದ ತೂಕಕ್ಕಿಂತ ದೊಡ್ಡ ಹೊರೆ ಅರ್ಥವಾಗದ್ದನ್ನು ಹೊರುವುದು ಎಂದಿತು. ತಜ್ಞರು ತಮ್ಮ ವಿಷಯದ ಯಾವುದೂ ಬಿಟ್ಟುಹೋಗಬಾರದೆಂದು ತುಂಬುತ್ತಾ ಹೋಗುತ್ತಾರೆ, ಮಗುವಿಗೆ ಅದು ಮಾಹಿತಿಯ ಗಂಟಾಗಿ ತಲುಪುತ್ತದೆ.

ಅದೇ ಯಶಪಾಲ್ 2005ರ ಚೌಕಟ್ಟಿನ ಸಮಿತಿಗೂ ಅಧ್ಯಕ್ಷರಾದರು. ಆಗ ಎನ್‌ಸಿಇಆರ್‌ಟಿ ನಿರ್ದೇಶಕರಾಗಿದ್ದವರು ಕೃಷ್ಣಕುಮಾರ್. ಗಣಿತ, ಭಾಷೆ, ಕಲೆ, ಪರೀಕ್ಷೆ, ಲಿಂಗ ಸಮಾನತೆ ಹೀಗೆ 21 ಅಧ್ಯಯನ ಗುಂಪುಗಳು ಕೂತು ಬರೆದವು. ಇದರ ಫಲವನ್ನು ಹತ್ತಿರದಿಂದ ನೋಡಬೇಕೆಂದರೆ ಮೂರರಿಂದ ಐದನೇ ತರಗತಿಯ ಪರಿಸರ ಅಧ್ಯಯನದ ಪಠ್ಯವಸ್ತುವನ್ನು ತೆಗೆದು ನೋಡಬೇಕು. 2000ರ ಚೌಕಟ್ಟಿಗೂ ಮುಂಚೆ ಅಲ್ಲಿ ವಿಜ್ಞಾನದ ಪಟ್ಟಿ ಬೇರೆ, ಸಮಾಜದ ಪಟ್ಟಿ ಬೇರೆ. 2005ರ ಚೌಕಟ್ಟಿನ ಪಠ್ಯವಸ್ತುವಿನಲ್ಲಿ ಆರು ವಿಷಯಗಳು: ಕುಟುಂಬ ಮತ್ತು ಗೆಳೆಯರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತುಗಳು ಮತ್ತು ಕೆಲಸಗಳು. ಪ್ರತಿಯೊಂದರ ಎದುರಿಗೂ ಮೊದಲ ಅಂಕಣದಲ್ಲಿ ಪ್ರಶ್ನೆಗಳಿವೆ, ಅದೂ ಮಗು ಕೇಳಬಹುದಾದ ಮಾತಿನಲ್ಲಿ. ಪರಿಕಲ್ಪನೆಗಳು ಆಮೇಲೆ ಬರುತ್ತವೆ. ನೀರಿನ ಪಾಠ ನೀರಿನ ಮೂರು ರೂಪಗಳಿಂದ ಶುರುವಾಗುವ ಬದಲು ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ ಎಂಬಲ್ಲಿಂದ ಶುರುವಾಗುತ್ತದೆ. "ಯಾರು ತರುತ್ತಾರೆ" ಎಂದು ನಾನು ತರಗತಿಯಲ್ಲಿ ಕೇಳಿದಾಗ ಇಪ್ಪತ್ತಾರು ಮಕ್ಕಳಲ್ಲಿ ಒಬ್ಬರೂ "ಅಪ್ಪ" ಅನ್ನಲಿಲ್ಲ. ಆ ದಿನದ ಪಾಠ ನಾನು ಯೋಜಿಸಿದ್ದಕ್ಕಿಂತ ಬೇರೆ ದಾರಿ ಹಿಡಿಯಿತು, ಮತ್ತು ಅದೇ ಸರಿಯಾದ ದಾರಿ.

ಚೌಕಟ್ಟು ಒಪ್ಪಿಗೆಯಾದ ಮೇಲೆ ಮೊದಲ ಜಗಳ ಹೊತ್ತಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಎನ್ನುತ್ತದೆ, ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಕಾಗದದ ಮೇಲೆ ಸಾಕಷ್ಟು ಎನಿಸುತ್ತದೆ. ಆದರೆ 800 ಗಂಟೆಯೆಂದರೆ ದಿನಕ್ಕೆ ನಾಲ್ಕೇ ಗಂಟೆ. ಅದರಲ್ಲಿ ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಕಲೆ, ಆಟ ಎಲ್ಲವೂ ಸೇರಬೇಕು. ಅದರ ಮೇಲೆ ಗಣತಿ, ಚುನಾವಣೆ ಕೆಲಸ, ಜಯಂತಿಗಳು, ಪ್ರತಿಭಾ ಕಾರಂಜಿಯ ತಯಾರಿ, ಮಾಹಿತಿ ತುಂಬುವ ಕೆಲಸ. ಪಠ್ಯ ರಚಿಸುವವರ ಮೇಜಿನ ಮೇಲೆ ಇಡೀ ವರ್ಷದ ಅವಧಿಗಳ ಲೆಕ್ಕ ಇಲ್ಲದಿದ್ದರೆ ಪುಸ್ತಕ ಉಬ್ಬುತ್ತದೆ, ಶಿಕ್ಷಕರು ಫೆಬ್ರುವರಿಯಲ್ಲಿ ಓಡುತ್ತಾರೆ. ಪ್ರತಿ ವಿಷಯದ ತಜ್ಞರೂ ತಮ್ಮ ವಿಷಯಕ್ಕೆ ಇನ್ನೊಂದು ಅಧ್ಯಾಯ ಕೇಳುತ್ತಾರೆ. ರಸ್ತೆ ಸುರಕ್ಷತೆ, ವಿಪತ್ತು ನಿರ್ವಹಣೆ, ಹಣಕಾಸು ಸಾಕ್ಷರತೆ ಎಂದು ಹೊರಗಿನ ಇಲಾಖೆಗಳೂ ತಂತಮ್ಮ ಪಾಠ ಕೊಡುತ್ತವೆ. ಬೇಡ ಎನ್ನುವ ಅಧಿಕಾರ ಯಾರಿಗಿದೆ ಎಂಬುದರ ಮೇಲೆ ಪಠ್ಯಕ್ರಮದ ಆರೋಗ್ಯ ನಿಂತಿದೆ.

ಅನುಕ್ರಮದ ಪ್ರಶ್ನೆ ಇನ್ನೂ ಸೂಕ್ಷ್ಮ. ಜೆರೋಮ್ ಬ್ರೂನರ್ 1960ರಲ್ಲಿ ಮುಂದಿಟ್ಟ ಸುರುಳಿ ಕ್ರಮದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ: ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳಬೇಕು, ಪ್ರತಿ ಸಲವೂ ಒಂದು ಸುತ್ತು ಮೇಲೆ. ಅರ್ಧ ರೊಟ್ಟಿ, ಕಾಲು ಸೇರು ಎರಡನೇ ತರಗತಿಯ ಮಗುವಿಗೂ ಗೊತ್ತು. ಅದನ್ನು ಬರವಣಿಗೆಯ ಚಿಹ್ನೆಗೆ ತರುವುದು ಇನ್ನೊಂದು ಸುತ್ತು, ಛೇದ ಬೇರೆ ಬೇರೆ ಇದ್ದಾಗ ಕೂಡುವುದು ಮತ್ತೊಂದು. ನಮ್ಮ ಪುಸ್ತಕಗಳಲ್ಲಿ ಈ ಸುತ್ತುಗಳ ನಡುವೆ ಒಮ್ಮೊಮ್ಮೆ ಮೆಟ್ಟಿಲೇ ಇರುವುದಿಲ್ಲ. ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಕನ್ನಡದ ಮಗುವಿಗೆ ಅತಿ ಹತ್ತಿರದ ಪದಗಳನ್ನು ನೋಡಿ: ಅಮ್ಮ, ಅಪ್ಪ, ಅಕ್ಕ, ಅಜ್ಜಿ, ರೊಟ್ಟಿ, ಮುದ್ದೆ. ಎಲ್ಲದರಲ್ಲೂ ಒತ್ತಕ್ಷರ! 'ಮನೆ' ಎಂದು ಬರೆಯಲೂ ಗುಣಿತ ಬೇಕು. ಬಾಯಲ್ಲಿ ಮೊದಲು ಬಂದ ಮಾತು ಬರಹದಲ್ಲಿ ಕೊನೆಗೆ ಬರುತ್ತದೆ. ಹಾಗಾಗಿ ಅಕ್ಷರ ಕಲಿಯುವ ಹಾದಿಯ ಪಕ್ಕದಲ್ಲೇ ಚಿತ್ರ ನೋಡಿ ಇಡೀ ಪದವನ್ನು ಗುರುತಿಸುವ ಹಾದಿಯೂ ಇರಬೇಕು. ಇಂಥ ತೊಡಕು ಇಂಗ್ಲಿಷಿನಲ್ಲಿ ಬರೆದ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಕನ್ನಡದಲ್ಲಿ ಕಲಿಸಿದವರೇ ಕಂಡುಕೊಳ್ಳಬೇಕು.

ಪುಸ್ತಕದ ಕಾರ್ಯಾಗಾರ ಹೇಗಿರುತ್ತದೆ ಎಂದು ತಿಳಿಯದವರಿಗೆ ಒಂದು ದೃಶ್ಯ. ಪರಿಸರ ಅಧ್ಯಯನದ ಒಂದು ಪಾಠದ ಕರಡನ್ನು ನಮ್ಮ ಕೆಲವರ ಮುಂದೆ ಇಟ್ಟಿದ್ದರು. ಕೊನೆಯಲ್ಲಿ ಚಟುವಟಿಕೆ: 'ಹತ್ತಿರದ ಅಂಚೆ ಕಚೇರಿಗೆ ಭೇಟಿ ಕೊಟ್ಟು ಮಾಹಿತಿ ಸಂಗ್ರಹಿಸಿ.' ಕಾಡಂಚಿನ ಹಾಡಿಯೊಂದರ ಶಾಲೆಯ ಶಿಕ್ಷಕಿ ಎದ್ದು ನಿಂತರು. "ಸರ್, ನಮ್ ಹಾಡಿಯಿಂದ ಅಂಚೆ ಆಫೀಸಿಗೆ ಹೋಗ್ಬೇಕಂದ್ರೆ ಕಾಡು ದಾಟ್ಬೇಕು. ಆನೆ ಬೇರೆ. ಮಕ್ಕಳನ್ನ ಹೆಂಗ್ ಕರ್ಕೊಂಡ್ ಹೋಗ್ಲಿ?" ಕೋಣೆ ಸುಮ್ಮನಾಯಿತು. ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು. ಅದೇ ಕರಡಿನಲ್ಲಿ ಜೇನುನೊಣದ ಬಗ್ಗೆ ಎರಡು ಸಾಲು ಇತ್ತು. ಅವರ ತರಗತಿಯ ಜೇನುಕುರುಬರ ಮಕ್ಕಳಿಗೆ ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು ಎಂದು ನಾಲ್ಕು ಬಗೆ ಗೊತ್ತು, ಯಾವುದು ಎಲ್ಲಿ ಗೂಡು ಕಟ್ಟುತ್ತದೆ, ಯಾವ ಹೂವಿನ ಕಾಲಕ್ಕೆ ತುಪ್ಪ ತುಂಬುತ್ತದೆ ಎಂಬುದೂ ಗೊತ್ತು. ಆ ಎರಡು ಸಾಲಿನ ಪಾಠದಲ್ಲಿ ಆ ಮಕ್ಕಳಿಗೆ ಕಲಿಯಲು ಏನೂ ಇರಲಿಲ್ಲ, ಕಲಿಸಲು ಮಾತ್ರ ಇತ್ತು. ಕರಡು ತಿದ್ದಿದರು. ಭೇಟಿಯ ಬದಲು ಮನೆಯ ಹಿರಿಯರನ್ನು ಮಾತಾಡಿಸುವ ಚಟುವಟಿಕೆ ಬಂತು. ಆ ಶಿಕ್ಷಕಿ ಅಲ್ಲಿ ಇಲ್ಲದಿದ್ದರೆ ಅಂಚೆ ಕಚೇರಿಯ ಆ ಸಾಲು ಲಕ್ಷಾಂತರ ಪ್ರತಿಗಳಲ್ಲಿ ಅಚ್ಚಾಗುತ್ತಿತ್ತು.

ಪದಗಳ ಕಥೆಯೂ ಹೀಗೆಯೇ. ಪ್ರೌಢಶಾಲೆಯ ವಿಜ್ಞಾನ ಮತ್ತು ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳ ಅನುವಾದವನ್ನೇ ರಾಜ್ಯ ಬಳಸಲು ಹೊರಟ ಮೇಲೆ ದ್ಯುತಿಸಂಶ್ಲೇಷಣೆ, ಪತ್ರಹರಿತ್ತು ಎಂಬ ಪದಗಳು ಒಂದೇ ವಾಕ್ಯದಲ್ಲಿ ಬರುತ್ತವೆ. ಪತ್ರಹರಿತ್ತಿನಲ್ಲಿ ಎಲೆಯೂ ಹಸಿರೂ ಇವೆ, ಬಿಡಿಸಿ ಹೇಳಿದರೆ ಮಗುವಿನ ಮುಖ ಅರಳುತ್ತದೆ. ಆದರೆ ಬಿಡಿಸಿ ಹೇಳಲು ಪುಸ್ತಕದಲ್ಲಿ ಜಾಗವೂ ಇಲ್ಲ, ತರಗತಿಯಲ್ಲಿ ಹೊತ್ತೂ ಇಲ್ಲ. 1930ರ ದಶಕದಲ್ಲಿಯೇ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದು ವಿಜ್ಞಾನಕ್ಕೆ ಮಾತಾಡುವ ಕನ್ನಡ ಸಾಕು ಎಂದು ತೋರಿಸಿದ್ದರು.

ಶಿಕ್ಷಕರೇ ಪಠ್ಯಕ್ರಮ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದಲ್ಲಿ ಸಿಗುವ ದೊಡ್ಡ ಸಾಕ್ಷಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹದಿನಾರು ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಶುರುಮಾಡಿದವು. ದೆಹಲಿ ವಿಶ್ವವಿದ್ಯಾಲಯ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಹಳ್ಳಿಯ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತರು. ಹೂವನ್ನು ಬಿಡಿಸಿ ನೋಡಲು ಸೂಜಿ ಬೇಕಿತ್ತು, ಜಾಲಿ ಮುಳ್ಳು ಸಾಕಾಯಿತು. ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡು ಮಾಡಿ ಬೆಂಕಿಕಡ್ಡಿ ಜೋಡಿಸಿ ತ್ರಿಭುಜ, ಚೌಕಗಳನ್ನು ಕಟ್ಟಿದರು. 'ಬಾಲ ವೈಜ್ಞಾನಿಕ' ಎಂಬ ಕಾರ್ಯಪುಸ್ತಕದ ಅಧ್ಯಾಯಗಳು ತರಗತಿಯಲ್ಲಿ ಪರೀಕ್ಷೆಗೊಳಗಾದವು, ಶಿಕ್ಷಕರ ಮಾಸಿಕ ಸಭೆಗಳಲ್ಲಿ ಚರ್ಚೆಯಾದವು, ತಿದ್ದಿಸಿಕೊಂಡವು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು, ಕೈಯಾರೆ ಪ್ರಯೋಗ ಮಾಡಿ ತೋರಿಸಿದರು. 1978ಕ್ಕೆ ಇಡೀ ಜಿಲ್ಲೆ, 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆಯ ಕೈಯಲ್ಲಿ ಮುಂದೆ ಹಲವು ಜಿಲ್ಲೆಗಳ ಸಾವಿರದಷ್ಟು ಶಾಲೆಗಳು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷದ ಕೆಲಸ ಒಂದು ಆದೇಶದಲ್ಲಿ ಮುಗಿದದ್ದು ಈಗಲೂ ನೋವಿನ ಸಂಗತಿ. ಅಲ್ಲಿ ಬೆಳೆದ ವಿಚಾರಗಳು 2005ರ ಚೌಕಟ್ಟಿಗೆ ಹರಿದು ಬಂದವು ಎಂಬುದೊಂದೇ ಸಮಾಧಾನ.

ನಲಿ-ಕಲಿಯದೂ ಅದೇ ಬಗೆಯ ಹುಟ್ಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಒಬ್ಬರೇ ಮೇಷ್ಟ್ರು, ಎರಡು ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಇದ್ದಾಗ ಏನು ಮಾಡುವುದು ಎಂಬ ತಮ್ಮದೇ ಸಂಕಟಕ್ಕೆ ಅವರು ಉತ್ತರ ಹುಡುಕುತ್ತಿದ್ದರು. ಪಾಠಗಳನ್ನು ಮೈಲಿಗಲ್ಲುಗಳಾಗಿ ಒಡೆದರು, ಪ್ರಾಣಿ ಪಕ್ಷಿಗಳ ಗುರುತಿರುವ ಕಾರ್ಡು ಮಾಡಿದರು, ಕಲಿಕಾ ಏಣಿ ಕಟ್ಟಿದರು. ಶಿಕ್ಷಕರ ಪೂರ್ಣ ನೆರವಿನಿಂದ ಸ್ವಕಲಿಕೆಯವರೆಗೆ ಐದು ಗುಂಪು, ಐದು ತಟ್ಟೆ. ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ಮಕ್ಕಳು ಬರೆದ ಚಿತ್ರಗಳು ತೂಗುತ್ತಿದ್ದವು.

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಆಗ ಗಳಿಸಿದ್ದೂ ಇದೆ, ಕಳೆದದ್ದೂ ಇದೆ. ಗಡಿಜಿಲ್ಲೆಯ ಮೂಲೆಯ ಶಾಲೆಗೂ ಏಣಿ ತಲುಪಿತು. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಕೂತು ಕತ್ತರಿಸಿ ಅಂಟಿಸಿದ ಕಾರ್ಡುಗಳು ಈಗ ಪೆಟ್ಟಿಗೆಯಲ್ಲಿ ಅಚ್ಚಾಗಿ ಬಂದವು. ರಾಯಚೂರಿನ ಮಗುವಿಗೂ, ಮನೆಯಲ್ಲಿ ತುಳು ಆಡುವ ಬೆಳ್ತಂಗಡಿಯ ಮಗುವಿಗೂ, ತಾಂಡಾದ ಲಂಬಾಣಿ ಮಗುವಿಗೂ ಅವೇ ಕಾರ್ಡು. ಕಟ್ಟಿದವರಿಗೆ ಅದರ ಒಳಗುಟ್ಟು ಗೊತ್ತಿತ್ತು, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ತಿಳಿದಿತ್ತು. ಪಡೆದುಕೊಂಡವರಿಗೆ ಕೆಲವು ದಿನಗಳ ತರಬೇತಿ ಮತ್ತು ಕೈಪಿಡಿ. ಎಷ್ಟೋ ಕಡೆ ಶಿಕ್ಷಕರು ಕಾರ್ಡು ಹಂಚಿ ಗುರುತು ಹಾಕುವುದರಲ್ಲೇ ಸುಸ್ತಾದರು. ಪದ್ಧತಿ ಕೆಟ್ಟದ್ದರಿಂದ ಹೀಗಾಯಿತು ಎಂದು ನಾನು ಒಪ್ಪುವುದಿಲ್ಲ. ಹೊಸ ಊರಿನ ಶಿಕ್ಷಕರಿಗೆ ಅದನ್ನು ಬಿಚ್ಚಿ ಮತ್ತೆ ಕಟ್ಟುವ ಸ್ವಾತಂತ್ರ್ಯವನ್ನೂ ಹೊತ್ತನ್ನೂ ಕೊಡದೆ ಹೋದದ್ದರಿಂದ ಆಯಿತು.

ಇನ್ನು ಪರೀಕ್ಷೆ. ಮೇಲೆ ಏನೇ ಬರೆದರೂ ಎಸ್ಸೆಸ್ಸೆಲ್ಸಿಯ ಪ್ರಶ್ನೆಪತ್ರಿಕೆಯ ನೀಲನಕ್ಷೆ ಕೆಳಗಿನ ತರಗತಿಗಳಿಗೆಲ್ಲ ನಿಜವಾದ ಪಠ್ಯಕ್ರಮವಾಗಿಬಿಡುತ್ತದೆ. ಯಾವ ಘಟಕಕ್ಕೆ ಎಷ್ಟು ಅಂಕ ಎಂದು ಗೊತ್ತಾದ ಮೇಲೆ ಉಳಿದದ್ದು ಉದುರುತ್ತದೆ. ಜನವರಿ ಬಂದರೆ ಹಿಂದುಳಿದ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್' ಸಿದ್ಧವಾಗುತ್ತದೆ: ಇಷ್ಟು ಚಿತ್ರ, ಇಷ್ಟು ಪ್ರಮೇಯ, ಇಷ್ಟು ಪದ್ಯ. ಫಲಿತಾಂಶಕ್ಕಾಗಿ ಮೇಲಿನವರು ಒತ್ತುತ್ತಾರೆ, ಮುಖ್ಯಶಿಕ್ಷಕರು ನಿದ್ದೆಗೆಡುತ್ತಾರೆ. ಆ ಮಕ್ಕಳು ಪಾಸಾಗಲಿ ಎಂಬ ಕಳಕಳಿ ನಿಜವೇ, ಆದರೆ ಐದನೇ ತರಗತಿಯಲ್ಲಿ ತಪ್ಪಿದ ಭಿನ್ನರಾಶಿಗೆ ಹತ್ತನೇ ತರಗತಿಯಲ್ಲಿ ಪ್ಯಾಕೇಜು ಕೊಡುತ್ತಿದ್ದೇವೆ.

ಕೋವಿಡ್ ಕಾಲ ಒಂದು ಸತ್ಯವನ್ನು ಎಲ್ಲರ ಮುಂದೆ ಇಟ್ಟಿತು. ಎರಡು ವರ್ಷ ಶಾಲೆ ಸರಿಯಾಗಿ ನಡೆಯದೆ ನಾಲ್ಕನೇ ತರಗತಿಗೆ ಬಂದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಎರಡನೆಯದರ ಓದೇ ಬರುತ್ತಿರಲಿಲ್ಲ. 2022-23ರಲ್ಲಿ ರಾಜ್ಯ 'ಕಲಿಕಾ ಚೇತರಿಕೆ' ಕಾರ್ಯಕ್ರಮ ತಂದಾಗ ಪಠ್ಯಪುಸ್ತಕ ಒಂದಿಷ್ಟು ಹಿಂದೆ ಸರಿದು ಕಲಿಕಾ ಹಾಳೆಗಳು ಮುಂದೆ ಬಂದವು. ಈ ತರಗತಿಯ ಮಗುವಿಗೆ ಏನು ಬರಬೇಕು ಎಂಬುದರ ಜೊತೆಗೆ ಈ ಮಗುವಿಗೆ ಈಗ ಏನು ಬರುತ್ತದೆ ಎಂದು ಕೇಳಲು ಇಲಾಖೆಯೇ ಹೇಳಿತು. ಹಾಳೆಗಳ ರಾಶಿಯ ಬಗ್ಗೆ ದೂರುಗಳಿದ್ದವು, ನನ್ನವೂ ಇದ್ದವು. ಆದರೂ ಆ ವರ್ಷ ಮೊದಲ ಸಲ ನನ್ನ ಜೊತೆಯ ಕೆಲವು ಶಿಕ್ಷಕಿಯರು 'ಪಾಠ ಮುಗೀತು' ಎನ್ನುವುದನ್ನು ಬಿಟ್ಟು 'ಇಷ್ಟು ಮಕ್ಕಳಿಗೆ ಬಂತು' ಎನ್ನತೊಡಗಿದರು.

ಈಗ ಮತ್ತೆ ಚೌಕಟ್ಟುಗಳ ಕಾಲ. 2020ರ ರಾಷ್ಟ್ರೀಯ ನೀತಿಯ 5+3+3+4 ಜೋಡಣೆ ಒಂದು ಕಡೆ, ರಾಜ್ಯದ್ದೇ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚನೆಯಾದ ಆಯೋಗದ ವರದಿ ಇನ್ನೊಂದು ಕಡೆ. ಹೊಸ ಪುಸ್ತಕಗಳು ಬಂದೇ ಬರುತ್ತವೆ, ಅವುಗಳಿಗೆ ಹೊಸ ಸಮಿತಿಗಳೂ ಆಗುತ್ತವೆ.

ಆ ಸಮಿತಿಗಳಿಗೆ ನನ್ನದೊಂದು ಬೇಡಿಕೆ ಇದೆ. ಪ್ರತಿ ಶಾಲೆಯ ಬೀರುವಿನಲ್ಲಿ ಶಿಕ್ಷಕರು ಬಳಸಿ ಸವೆಸಿದ ಪುಸ್ತಕಗಳಿವೆ. ಅಂಚಿನಲ್ಲಿ ಪೆನ್ಸಿಲಿನ ಬರಹ: 'ಈ ಚಿತ್ರ ಮಕ್ಕಳಿಗೆ ಗೊತ್ತಾಗಲಿಲ್ಲ', 'ಇದಕ್ಕೆ ಮೂರು ಅವಧಿ ಸಾಲದು', 'ಮೊದಲು ಪುಟ 42 ಮಾಡಿ ಆಮೇಲೆ ಇದು', 'ಹುಣಸೆ ಬೀಜ ಬಳಸಿದೆ, ಸರಿಹೋಯ್ತು'. ನನ್ನ ನಾಲ್ಕನೇ ತರಗತಿಯ ಗಣಿತ ಪುಸ್ತಕದಲ್ಲಿ ಏಳು ವರ್ಷದ ಇಂಥ ಟಿಪ್ಪಣಿಗಳಿದ್ದವು. ಪುಸ್ತಕ ಬದಲಾದ ವರ್ಷ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಮನೆಗೆ ತಂದೆ. ಹೊಸ ಪುಸ್ತಕದ ಮೊದಲ ಪುಟ ಬರೆಯುವ ಮುಂಚೆ ಪ್ರತಿ ತಾಲ್ಲೂಕಿನಿಂದ ಹತ್ತು ಇಂಥ ಹಳೆಯ ಪುಸ್ತಕಗಳನ್ನು ತರಿಸಿಕೊಂಡು ಓದಿ. ನನ್ನದು ಇನ್ನೂ ಅಟ್ಟದ ಮೇಲೆ ಇದೆ, ಕೇಳಿದರೆ ನಾಳೆಯೇ ಕಳಿಸುತ್ತೇನೆ.